ನಾಲ್ಕನೇ ಲೆಮ್ಮಾದ ಬಲಪುಟ

ಶಿಕಾರಿಪುರ
8 ಜನವರಿ 2024

ಪ್ರಮೀಳಾ,

ಇತ್ತ ಎಲ್ಲರೂ ಕ್ಷೇಮ ಎಂದು ಶುರು ಮಾಡಿದರೆ ಮೊದಲ ಸಾಲಿನಲ್ಲೇ ಸುಳ್ಳು ಹೇಳಿದಂತಾಗುತ್ತದೆ. ಅದಕ್ಕೇ ಬಿಟ್ಟಿದ್ದೇನೆ. ಅಮ್ಮಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಾಳೆ. ಆಪರೇಷನ್ ಆಗಿದೆ. ನಾನು ಸಂಸ್ಥೆಗೆ ನಾಲ್ಕು ತಿಂಗಳು ರಜೆ ಹಾಕಿ ಮನೆಗೆ ಬಂದಿದ್ದೇನೆ. ಅಬ್ಬಾ ಈಗಲೂ ಕಲಾಯಿ ಹಾಕುತ್ತಾರೆ. ಮನೆಗಳ ಪಾತ್ರೆ ಬರುವುದಿಲ್ಲ, ಮದುವೆ ಅಡುಗೆಯವರ ದೊಡ್ಡ ದೊಡ್ಡ ತಪ್ಪಲೆಗಳು ಬರುತ್ತವೆ. ಅವುಗಳ ಒಳಗೆ ಕೂತು ಉಜ್ಜುವಾಗ ಅಬ್ಬಾನ ತಲೆ ಮಾತ್ರ ಕಾಣುತ್ತದೆ.

ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ, ಅದೂ ಕೆಲಸ ಬಿದ್ದಾಗ. ನೀನು ಹಾಗೆ ಅಂದುಕೊಳ್ಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಪೋಲೆಂಡಿನಲ್ಲಿ ಸಂಶೋಧನೆ ಮಾಡುತ್ತಿರುವ ಮಾರ್ತಾ ಎಂಬವಳು ನನಗೊಂದು ಪ್ರಶ್ನೆ ಕಳಿಸಿದ್ದಾಳೆ. ಅವಳ ಥೀಸಿಸ್ ಪೂರ್ತಿ ನಿಂತಿರುವುದು ನಮ್ಮ ಪ್ರಮೇಯದ ಮೇಲೆ. ಆಗಸ್ಟಿನಲ್ಲಿ ಒಪ್ಪಿಸಬೇಕಂತೆ. ನಾಲ್ಕನೇ ಲೆಮ್ಮಾದ ಎರಡನೇ ಸಾಲಿನಲ್ಲಿ 'ಇದು ಸ್ಪಷ್ಟ' ಎಂದಿದೆಯಲ್ಲ, ಅದು ತನಗೆ ಸ್ಪಷ್ಟವಾಗುತ್ತಿಲ್ಲ, ದಯವಿಟ್ಟು ಬಿಡಿಸಿ ಹೇಳಿ ಎಂದು ಕೇಳಿದ್ದಾಳೆ. ಎರಡು ವಾರ ಕೂತೆ. ನನಗೂ ಬಿಡಿಸಲು ಬರುತ್ತಿಲ್ಲ. ಆ ಲೆಮ್ಮಾ ನಿನ್ನದು. ನೀನು ಹೇಗೆ ಯೋಚಿಸಿದ್ದೆಯೋ ನನಗೆ ಮರೆತುಹೋಗಿದೆ.

ನಮ್ಮ ನೀಲಿ ರಟ್ಟಿನ ಲಾಂಗ್ ಬುಕ್ ನಿನ್ನ ಸಾಮಾನಿನ ಜೊತೆ ಹೋಗಿಬಿಟ್ಟಿತ್ತು. ನನ್ನ ಹತ್ತಿರ ಎಡಪುಟಗಳ ಜೆರಾಕ್ಸ್ ಮಾತ್ರ ಇದೆ. ಪುಸ್ತಕ ಇನ್ನೂ ಇದೆಯೇ? ನನ್ನ ಕೆಲಸ ಕಾಯಂ ಮಾಡುವ ಸಮಿತಿ ಮೇ ತಿಂಗಳಲ್ಲಿ ಕೂರುತ್ತದೆ. ಅವರ ಮುಂದೆ ಇಡಲು ನನ್ನ ಬಳಿ ಹೇಳಿಕೊಳ್ಳುವಂಥದ್ದು ಇದೊಂದೇ.

ಪ್ರಬಂಧದಲ್ಲಿ ನಿನ್ನ ಹೆಸರು ಬರಲಿಲ್ಲ. ಕೊನೆಯಲ್ಲಿ ಒಂದು ಸಾಲಿನ ಕೃತಜ್ಞತೆ ಹೇಳಿ ಮುಗಿಸಿದೆ. ಕ್ಷಮಿಸು. ನಿನ್ನ ತಂದೆ ತೀರಿಕೊಂಡ ಸುದ್ದಿ ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೇಳಿದರು. ಆಗಲೂ ಬರಲಿಲ್ಲ.

ಯಾಸ್ಮೀನ್

*

ಕುಪ್ಪಗಡ್ಡೆ, ಸೊರಬ ತಾಲೂಕು
19 ಜನವರಿ 2024

ಯಾಸ್ಮೀನ್,

ಪುಸ್ತಕ ಇದೆ. ಟ್ರಂಕಿನಲ್ಲಿ ಅಪ್ಪನ ಕಂಬಳಿಯ ಕೆಳಗಿದೆ. ಇಲಿ ಮೂಲೆ ತಿಂದಿದೆ, ಅಕ್ಷರ ತಿಂದಿಲ್ಲ.

ನಿನ್ನ ಅಮ್ಮಿ ಬೇಗ ಎದ್ದು ಓಡಾಡುವಂತಾಗಲಿ. ಅವಳು ಹಾಸ್ಟೆಲಿಗೆ ಕಳಿಸುತ್ತಿದ್ದ ಖೀಮಾ ಸಮೋಸ ನಾನೇ ಜಾಸ್ತಿ ತಿಂದದ್ದು.

ಹೆಸರಿನ ಬಗ್ಗೆ ಕ್ಷಮೆ ಕೇಳಬೇಡ. ನಾನು ಕೇಳಿಲ್ಲ, ನೀನು ಕೊಡಬೇಡ. ಫೋನ್ ನಂಬರನ್ನೂ ಕೊಡುವುದಿಲ್ಲ. ಫೋನಿನಲ್ಲಿ ನೀನು ಹೂಂ ಹೂಂ ಅನ್ನುತ್ತೀ, ಈಚೆಯವರು ಕೇಳಿಸಿಕೊಂಡಳು ಅಂದುಕೊಳ್ಳಬೇಕು. ಕಾಗದದಲ್ಲಿ ಆ ಆಟ ನಡೆಯುವುದಿಲ್ಲ.

ನನಗೆ ಈಗ ನೂರಾ ಮೂವತ್ತು ಕುರಿ. ನಾನು, ತಮ್ಮ ಗಿರೀಶ ಇಬ್ಬರೇ ನೋಡಿಕೊಳ್ಳುತ್ತೇವೆ. ಭತ್ತದ ಕೊಯ್ಲು ಮುಗಿದಿದೆ, ದಿನಕ್ಕೊಬ್ಬರ ಗದ್ದೆಯಲ್ಲಿ ಗೊಬ್ಬರಕ್ಕೆ ಹಿಂಡು ನಿಲ್ಲಿಸಬೇಕು. ಸೂತ್ರಗಳಿಂದ ದೂರವಾಗಿ ಆರು ವರ್ಷವಾಯಿತು. ಅದಕ್ಕೇ ಮೊದಲು ನೀನೊಂದು ಕೆಲಸ ಮಾಡು. ನಮ್ಮ ಪ್ರಮೇಯ ಏನು ಹೇಳುತ್ತದೆ, ನಾಲ್ಕನೇ ಲೆಮ್ಮಾ ಅದರಲ್ಲಿ ಏನು ಕೆಲಸ ಮಾಡುತ್ತದೆ ಅಂತ ಗಿರೀಶನಿಗೆ ತಿಳಿಯುವ ಹಾಗೆ ಬರಿ. ಅವನು ಎಸೆಸೆಲ್ಸಿ. ಒಂದೇ ಒಂದು ಸೂತ್ರ ಕಂಡರೂ ಕಾಗದ ವಾಪಸ್ ಕಳಿಸುತ್ತೇನೆ.

ಇನ್ನೊಂದು. ನಾಲ್ಕನೇ ಲೆಮ್ಮಾದ ಬಲಪುಟದಲ್ಲಿ ಏನಿದೆ, ನೆನಪಿದೆಯೇ?

ಪ್ರಮೀಳಾ

*

ಶಿಕಾರಿಪುರ
2 ಫೆಬ್ರವರಿ 2024

ಪ್ರಮೀಳಾ, ಮತ್ತು ಗಿರೀಶ,

ಗಿರೀಶ, ನಿಮ್ಮಕ್ಕ ನನಗೆ ಪರೀಕ್ಷೆ ಇಟ್ಟಿದ್ದಾಳೆ. ಅಬ್ಬಾನ ಅಂಗಡಿಯಲ್ಲಿ ಕೂತು ಉತ್ತರ ಬರೆಯುತ್ತಿದ್ದೇನೆ. ಮಾರ್ಕು ನೀನು ಹಾಕಬೇಕು.

ಗ್ರೂಪ್ ಎಂದರೆ ಚಲನೆಗಳ ಕೂಟ. ಒಂದು ಚಲನೆಯ ಮೇಲೆ ಇನ್ನೊಂದನ್ನು ಮಾಡಬಹುದು, ಮಾಡಿದ್ದನ್ನು ಹಿಂದಕ್ಕೆ ತಿರುಗಿಸಲೂಬಹುದು. ಊಟದ ಮಣೆಯನ್ನು ಕಾಲು ಸುತ್ತು ತಿರುಗಿಸು, ಅದೊಂದು ಚಲನೆ. ನಾಲ್ಕು ಸಲ ತಿರುಗಿಸಿದರೆ ಮಣೆ ಮೊದಲಿದ್ದ ಹಾಗೇ ಆಗುತ್ತದೆ. ಆ ಗ್ರೂಪಿನಲ್ಲಿ ಇರುವುದು ನಾಲ್ಕೇ ಚಲನೆ. ನಾವು ನೋಡುವ ಗ್ರೂಪುಗಳಲ್ಲಿ ಚಲನೆಗಳಿಗೆ ಕೊನೆಯಿಲ್ಲ, ಆದರೆ ಒಂದೊಂದೂ ಬೇರೆ ಬೇರೆಯಾಗಿ ಬಿಡಿಯಾಗಿರುತ್ತವೆ.

ಈಗ ಆ ಚಲನೆಗಳನ್ನೆಲ್ಲ ಬೆರೆಸು. ಇದರದ್ದು ಅರ್ಧ, ಅದರದ್ದು ಕಾಲು, ಮತ್ತೊಂದರದ್ದು ಚಿಟಿಕೆ. ಎಷ್ಟು ಬಗೆಯಲ್ಲಿ ಬೆರೆಸಲು ಸಾಧ್ಯವೋ ಅಷ್ಟೂ ಮಿಶ್ರಣಗಳನ್ನು ಸೇರಿಸಿ, ಸಂದುಗಳನ್ನೂ ತುಂಬಿದರೆ ಸಿಗುವ ದೊಡ್ಡ ಲೋಕಕ್ಕೆ ವಾನ್ ನಾಯ್ಮನ್ ಆಲ್ಜೀಬ್ರಾ ಎಂದು ಹೆಸರು. ನಮ್ಮ ಪ್ರಶ್ನೆ ಇಷ್ಟೇ: ಮಿಶ್ರಣವನ್ನು ಮಾತ್ರ ಕೊಟ್ಟರೆ, ಅದು ಯಾವ ಗ್ರೂಪಿನಿಂದ ಬಂತು ಎಂದು ಹೇಳಲು ಬರುತ್ತದೆಯೇ?

ಅಬ್ಬಾನ ಅಂಗಡಿಯ ಮೂಲೆಯಲ್ಲಿ ಗುಜರಿಗೆ ಹೋಗುವ ಹಿತ್ತಾಳೆ ಬಿದ್ದಿದೆ. ಕರಗಿಸಿದ ಮೇಲೆ ಅದು ಕೊಡವಾಗಿತ್ತೋ ಗಂಟೆಯಾಗಿತ್ತೋ ಯಾರಿಗೆ ಗೊತ್ತು? ಎಷ್ಟೋ ಗ್ರೂಪುಗಳು ಹೀಗೆಯೇ. ಒಂದಕ್ಕೊಂದು ಸಂಬಂಧವೇ ಇಲ್ಲದವು ಕೂಡ ಬೆರೆತ ಮೇಲೆ ಒಂದೇ ಆಲ್ಜೀಬ್ರಾ ಆಗಿಬಿಡುತ್ತವೆ. ಆದರೆ ಕೆಲವು ಹಟಮಾರಿಗಳಿವೆ. ಕರಗಿದರೂ ಕೊಡ ಕೊಡವೇ. ನಾನೂ ನಿಮ್ಮಕ್ಕನೂ ಹೇಳಿದ್ದು ಏನೆಂದರೆ, ಗ್ರೂಪಿನೊಳಗೆ ಬಹಳ ಬಿಗಿಯಾದ ಒಂದು ಒಳಗುಂಪು ಇದ್ದರೆ ಸಾಕು, ಅದನ್ನು ಹಿಡಿದು ಇಡೀ ಗ್ರೂಪನ್ನು ಮತ್ತೆ ಹೊರತೆಗೆಯಬಹುದು ಎಂದು.

ಲೆಮ್ಮಾ ಎಂದರೆ ಪ್ರಮೇಯಕ್ಕೆ ಹತ್ತಲು ಇಡುವ ಸಣ್ಣ ಮೆಟ್ಟಿಲು. ನಾಲ್ಕನೇ ಲೆಮ್ಮಾ ಆ ಹಿಡಿಕೆ. ಒಳಗುಂಪಿನವು ಒಂದೊಂದಾಗಿ ಕರೆದಾಗ, ಗ್ರೂಪಿನಲ್ಲಿರುವ ಪ್ರತಿಯೊಂದು ಚಲನೆಯೂ ತನ್ನ ಜಾಗ ಬಿಟ್ಟು ಕದಲುತ್ತದೆ, ಸುಮ್ಮನೆ ನಿಲ್ಲುವಂಥದ್ದು ಒಂದೂ ಇಲ್ಲ ಎಂದು ಅದು ಹೇಳುತ್ತದೆ. ಎಲ್ಲವೂ ಕದಲಿದರೆ ತಾನೇ ಯಾವುದು ಯಾರದ್ದು ಎಂದು ಗೊತ್ತಾಗುವುದು.

ಬಲಪುಟದಲ್ಲಿ ಏನಿತ್ತೋ ನನಗೆ ನೆನಪಿಲ್ಲ ಪ್ರಮೀಳಾ. ಬಹಳ ಹಳೆಯ ಮಾತು. ನೀನೇ ನೋಡಿ ಹೇಳು.

ಮೊನ್ನೆ ಸೊರಬದ ತನಕ ಬಂದಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಅದೇ ಬಸ್ಸಿಗೆ ಹತ್ತಿ ಹಿಂದಿರುಗಿದೆ. ಕಂಡಕ್ಟರ್ ನನ್ನ ಮುಖ ನೋಡಿ ಟಿಕೆಟ್ ಹರಿದ.

ಯಾಸ್ಮೀನ್

*

ಕುಪ್ಪಗಡ್ಡೆ
20 ಫೆಬ್ರವರಿ 2024

ಯಾಸ್ಮೀನ್,

ಗಿರೀಶನಿಗೆ ನಿನ್ನ ಕಾಗದ ಎರಡು ಸಲ ಆಯಿತು. ಒಂದು ಸಲ ನಾನು ಓದಿ ಹೇಳಿದೆ, ಇನ್ನೊಂದು ಸಲ ಅವನೇ ಗದ್ದೆ ಬದುವಿನ ಮೇಲೆ ಕೂತು ಓದಿದ. ನೂರಕ್ಕೆ ಎಂಬತ್ತು ಕೊಟ್ಟಿದ್ದಾನೆ. ಉಳಿದ ಇಪ್ಪತ್ತು ಏಕೆ ಕಡಿಮೆ ಅಂದರೆ ಅವನಿಗೊಂದು ಸಂಶಯ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಒಂದು ಕಥೆ ಕೇಳು.

ನಾನು ಹಾಸ್ಟೆಲ್ ಬಿಟ್ಟು ಬಂದದ್ದು 2018ರ ಮಾರ್ಚಿನಲ್ಲಿ. ಅಪ್ಪ ಮರದಿಂದ ಬಿದ್ದು ಹಾಸಿಗೆ ಹಿಡಿದಿದ್ದ. ಹದಿನೈದು ದಿನಕ್ಕೆಂದು ಬಂದವಳು. ಏಪ್ರಿಲಿನಲ್ಲಿ ಒಂದು ದಿನ ನಮ್ಮ ಹಿಂಡು ಕೆರೆಗೆ ಇಳಿದಿತ್ತು. ಚಂದ್ರಗುತ್ತಿ ಕಡೆಯಿಂದ ಬಂದ ಸುಬ್ಬಪ್ಪನವರ ಹಿಂಡೂ ಅದೇ ಹೊತ್ತಿಗೆ ಇಳಿಯಿತು. ಯಾವುದೋ ನಾಯಿ ನುಗ್ಗಿತು, ಎರಡೂ ಹಿಂಡು ಕಲೆಸಿಹೋದವು. ಅವರದೂ ಕೆಂಪು ಬಣ್ಣದ ಗುರುತು, ನಮ್ಮದೂ ಕೆಂಪೇ. ನೀರಿಗಿಳಿದು ಬಣ್ಣ ಬೇರೆ ಕದಡಿತ್ತು. ಸುಬ್ಬಪ್ಪ ತಲೆ ಮೇಲೆ ಕೈ ಹೊತ್ತು ಕೂತರು.

ಅಪ್ಪನನ್ನು ಮಂಚದ ಸಮೇತ ಹೊತ್ತು ತಂದು ಗದ್ದೆಯಲ್ಲಿ ಇಳಿಸಿದೆವು. ಮರಿಗಳೆಲ್ಲ ಮನೆ ಹತ್ತಿರ ಬಲೆ ಕಟ್ಟಿದ ದೊಡ್ಡಿಯೊಳಗೆ ಇದ್ದವು, ನಮ್ಮವು ನಮ್ಮಲ್ಲಿ, ಅವರವು ಅವರಲ್ಲಿ. ಹಾಗಾಗಿ ಉಪಾಯ ನನಗೇ ಹೊಳೆದಿತ್ತು: ನಮ್ಮ ಮರಿಗಳನ್ನು ತಂದು ಬಿಡುವುದು, ಮರಿ ಕೂಗಿದರೆ ತಾಯಿ ಓಡಿಬರುತ್ತದೆ, ಬಂದದ್ದೆಲ್ಲ ನಮ್ಮದು. ನಿಜ ಹೇಳಬೇಕೆಂದರೆ ನಾಲ್ಕನೇ ಲೆಮ್ಮಾ ನನಗೆ ಹೊಳೆದದ್ದೂ ಇದರಿಂದಲೇ, ಚಿಕ್ಕಂದಿನಿಂದ ನೋಡಿದ್ದರಿಂದ. ಮರಿ ತರಲು ಓಡಿದೆ. ಅಪ್ಪ ಮಂಚದ ಮೇಲಿಂದ ತಡೆದ.

"ನಿಲ್ಲೇ. ಮರಿ ಆಮೇಲೆ ಬಿಡಣ. ಮೊದ್ಲು ಗೊಡ್ಡು, ಟಗರು ಎಲ್ಲ ಆಚೆಗೆ ನಿಲ್ಸಿ. ಮರಿ ಎಷ್ಟು ಕೂಗಿದ್ರೂ ಕದ್ಲದೇ ಇರದು ಯಾವ್ದೈತಿ ಅಂತ ಮೊದ್ಲು ನೋಡ್ಬೇಕು. ಅದ್ರ ಮುಖ ನೋಡಿ ಗುರ್ತು ಹಿಡಿಬೇಕೇ ಹೊರ್ತು ಮರಿ ಹೇಳದಿಲ್ಲ."

ಹದಿನೇಳು ಇದ್ದವು ಅಂಥವು. ಆಮೇಲೆ ಮರಿಗಳನ್ನು ತಂದಾಗಲೂ ಯಾವ ಮರಿಯ ಕೂಗಿಗೂ ಕಿವಿ ಅಲ್ಲಾಡಿಸದೆ ಮೆಲುಕು ಹಾಕುತ್ತ ನಿಂತಿದ್ದವು. ನಾನು ಮರಿ ಹಿಡಿದುಕೊಂಡು ಅವುಗಳನ್ನೇ ನೋಡುತ್ತ ನಿಂತುಬಿಟ್ಟೆ.

ಈಗ ಗಿರೀಶನ ಸಂಶಯ. "ಅಕ್ಕಾ, ಒಳಗಿನವ್ರು ಕರದ್ರೆ ಎಲ್ರೂ ಕದಲ್ತಾರೆ ಅಂತ ಬರದಾರಲ್ಲ, ಹೊರಗ್ ನಿಂತಿರೋರ್ನ ಯಾರು ಕರ್ದು ನೋಡಿದ್ರು?" ಅಂದ.

ಬಲಪುಟದಲ್ಲಿ ಏನಿದೆ ಯಾಸ್ಮೀನ್?

ಪ್ರಮೀಳಾ

*

ಶಿಕಾರಿಪುರ
4 ಮಾರ್ಚ್ 2024

ಪ್ರಮೀಳಾ,

ಬಲಪುಟದಲ್ಲಿ ಏನೂ ಇಲ್ಲ. ಖಾಲಿ. ಮೇಲೆ ಬಲಮೂಲೆಯಲ್ಲಿ ನನ್ನ ಕೈಯ ಕೆಂಪು ರೈಟು ಮಾತ್ರ ಇದೆ. ನನಗೆ ಯಾವತ್ತೂ ಮರೆತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವಳ ಹಾಗೆ ಆರು ವರ್ಷ ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದೇನೆ.

ನಮ್ಮ ನಿಯಮ ನಾವೇ ಮಾಡಿಕೊಂಡದ್ದು. ಎಡಪುಟದಲ್ಲಿ ಒಬ್ಬಳು ಬರೆಯಬೇಕು, ಇನ್ನೊಬ್ಬಳು ಎಡಗಡೆ ಮುಚ್ಚಿಟ್ಟು ಬಲಪುಟದಲ್ಲಿ ಮೊದಲಿಂದ ತಾನೇ ಮಾಡಿ ನೋಡಬೇಕು, ಸರಿಬಂದರೆ ಮಾತ್ರ ಕೆಂಪು ಇಂಕಿನಲ್ಲಿ ರೈಟು. ನೂರಾ ನಲವತ್ತು ಪುಟದಲ್ಲಿ ಒಂದೇ ಸಲ ತಪ್ಪಿದೆ. ಅದು 2017ರ ಜೂನ್, ರಂಜಾನ್ ತಿಂಗಳು. ಉಪವಾಸದ ನೆಪ ಹೇಳಲಾರೆ. ಉಪವಾಸವಿದ್ದುಕೊಂಡೇ ಇದಕ್ಕಿಂತ ಕಷ್ಟದ ಪುಟಗಳನ್ನು ಮಾಡಿದ್ದೆ. ನನಗೆ ಆವತ್ತು ಬೇಜಾರು ಬಂದಿತ್ತು, ಅಷ್ಟೇ. ಪ್ರಮೀಳಾ ಬರೆದದ್ದು ತಪ್ಪಿರುವುದಿಲ್ಲ ಎಂದುಕೊಂಡೆ. ಒಳಗುಂಪಿನ ಚಲನೆಗಳನ್ನು ಕಣ್ಣಲ್ಲೇ ನೋಡಿದೆ, ಎಲ್ಲವೂ ಕದಲುತ್ತಿದ್ದವು. ಹೊರಗಿನವನ್ನು ನೀನು ನೋಡಿರುತ್ತೀ ಎಂದು ಬಿಟ್ಟೆ. ಅಬ್ಬಾ ಕಲಾಯಿಯನ್ನು ಪಾತ್ರೆಯ ಒಳಗೆ ಮಾತ್ರ ಹಾಕುವುದು, ಹೊರಗಡೆ ಮಸಿ ಇದ್ದರೂ ಯಾರೂ ಕೇಳುವುದಿಲ್ಲ. ಅದೇ ಬುದ್ಧಿ ನನಗೂ ಬಂದಿತ್ತೋ ಏನೋ.

ಆಗ ನೀನು ರೂಮಿನಲ್ಲಿ ಇರಲಿಲ್ಲ. ನಾನು ಉಪವಾಸ ಬಿಡುವುದಕ್ಕೆ ಖರ್ಜೂರ ಬೇಕೆಂದು ನೀನೇ ಸೈಕಲ್ ಹತ್ತಿ ಗೇಟಿನಾಚೆ ಹೋಗಿದ್ದೆ. ನೀನು ಬರುವಷ್ಟರಲ್ಲಿ ಮುಗಿದಿರಲಿ ಎಂದು ರೈಟು ಹಾಕಿ ಪುಸ್ತಕ ಮುಚ್ಚಿದೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ನಿನ್ನ ಅಪ್ಪನ ಮಾತು ಓದಿದ ಕೂಡಲೇ ಅರ್ಥವಾಯಿತು. ಒಳಗುಂಪು ಎಷ್ಟು ಕರೆದರೂ ಕದಲದ ಚಲನೆಗಳು ಹೊರಗೆ ಇರಬಹುದು. ಇದ್ದರೆ ಲೆಮ್ಮಾ ಬಿತ್ತು. ಏನಾದರೂ ತೇಪೆ ಹಾಕಲು ಬರುತ್ತದೆಯೇ? ಮಾರ್ತಾಳಿಗೆ 'ನೋಡುತ್ತಿದ್ದೇನೆ' ಎಂದು ಬರೆದಿದ್ದೇನೆ. ಸಮಿತಿ ಮೇ 20ಕ್ಕೆ. ಅಲ್ಲಿಯವರೆಗೆ ನೋಡುತ್ತಲೇ ಇರಬಹುದು ಎಂಬ ಯೋಚನೆಯೂ ಬಂತು. ಬಂತು ಎಂದು ನಿನಗೆ ಹೇಳುತ್ತಿದ್ದೇನೆ.

ಒಂದು ಕೇಳಲೇ? ಮರಿ ಹಿಡಿದುಕೊಂಡು ನಿಂತುಬಿಟ್ಟೆ ಎಂದೆಯಲ್ಲ. ಅದು 2018ರ ಏಪ್ರಿಲ್. ನಾನು ಪ್ರಬಂಧ ಕಳಿಸಿದ್ದು ಜೂನ್. ನಿನಗೆ ಯಾವಾಗ ಗೊತ್ತಾಯಿತು?

ಯಾಸ್ಮೀನ್

*

ಕುಪ್ಪಗಡ್ಡೆ
14 ಮಾರ್ಚ್ 2024

ಯಾಸ್ಮೀನ್,

ಅವತ್ತೇ ಗೊತ್ತಾಯಿತು. ಗದ್ದೆಯಲ್ಲೇ.

ಮನೆಗೆ ಬಂದು ಕೈಕಾಲು ತೊಳೆಯದೆ ಟ್ರಂಕು ತೆಗೆದೆ. ನಾನು ತಪ್ಪಿದ್ದರೂ ಯಾಸ್ಮೀನ್ ಬಲಪುಟದಲ್ಲಿ ಹಿಡಿದಿರುತ್ತಾಳೆ, ನಾನು ಗಮನಿಸಿಲ್ಲ ಅಷ್ಟೇ ಅಂತ ಅಂದುಕೊಂಡೆ. ಪುಟ ತಿರುಗಿಸಿದರೆ ಬಿಳೀ ಹಾಳೆ. ಮೂಲೆಯಲ್ಲಿ ಕೆಂಪು ರೈಟು.

'ಇದು ಸ್ಪಷ್ಟ' ಅಂತ ಬರೆದವಳು ನಾನು. ಮೊದಲ ತಪ್ಪು ನನ್ನದು, ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ. ಆದರೆ ನನಗೆ ಆದ ನೋವು ತಪ್ಪಿನದ್ದಲ್ಲ. ಊರಲ್ಲಿ ಕಂಡವರೆಲ್ಲ, ಅಷ್ಟು ಓದಿ ಕುರಿ ಕಾಯಕ್ಕೆ ಬಂದ್ಲು ನೋಡು ಅನ್ನುತ್ತಿದ್ದರು. ಅವ್ವ ಕೂಡ ಒಮ್ಮೆ ಅಂದಳು. ಯಾರು ಏನಂದರೂ ನನ್ನ ಪ್ರತಿ ಸಾಲನ್ನೂ ಮುಚ್ಚಿಟ್ಟು ಮತ್ತೆ ಮಾಡಿ ನೋಡಿದವಳು ಒಬ್ಬಳು ಭೂಮಿ ಮೇಲೆ ಇದ್ದಾಳೆ ಅಂತ ನಾನು ಗಟ್ಟಿಯಾಗಿದ್ದೆ. ಆ ಬಿಳೀ ಹಾಳೆ ನೋಡಿದ ಮೇಲೆ ಎಲ್ಲ ರೈಟುಗಳ ಮೇಲೂ ಅನುಮಾನ ಬಂತು.

ಮರುದಿನ ಸೊರಬಕ್ಕೆ ಹೋಗಿ ನಮ್ಮ ಗೈಡಿಗೆ ಫೋನ್ ಮಾಡಿದೆ. ನಾನು ವಾಪಸ್ ಬರುವುದಿಲ್ಲ, ಪ್ರಬಂಧದಲ್ಲಿ ನನ್ನ ಹೆಸರು ಬೇಡ, ಯಾಸ್ಮೀನಳಿಗೆ ನಾನು ಹೇಳಿದೆ ಅನ್ನಬೇಡಿ ಅಂದೆ. ಅವರು ಮನೆ ಕಷ್ಟ ಅಂದುಕೊಂಡರು. ನನ್ನ ಹೆಸರನ್ನು ಕದ್ದೆ ಅಂತ ನೀನು ಆರು ವರ್ಷ ಕೊರಗಿದ್ದೀಯಲ್ಲ, ನೀನು ಕದ್ದಿಲ್ಲ. ಮುಳುಗುವ ದೋಣಿಯಿಂದ ನಾನೇ ಇಳಿದೆ, ನಿನಗೆ ಹೇಳದೆ. ಎರಡು ತಿಂಗಳು ಸಮಯವಿತ್ತು. ಅವಳು ಬರೆಯುವಾಗಲಾದರೂ ಓದಲಿ, ಓದಿದರೆ ಸಿಗುತ್ತದೆ, ಸಿಕ್ಕರೆ ನನಗೆ ಕಾಗದ ಬರೆಯುತ್ತಾಳೆ ಅಂತ ಕಾದೆ. ಆಮೇಲೆ ಅದು ಅಚ್ಚಾಯಿತು. ಆಮೇಲೆ ಹೇಳುವುದು ಕಷ್ಟವಾಯಿತು. ವರ್ಷ ಕಳೆದಂತೆ ಇನ್ನೂ ಕಷ್ಟವಾಯಿತು. ಇದೇ ನನ್ನ ಪಾಪ, ಇದಕ್ಕೆ ಬೇರೆ ಹೆಸರಿಲ್ಲ.

ತೇಪೆ ಹಾಕಲು ಬರುವುದಿಲ್ಲ. ಪ್ರಮೇಯವೇ ಸುಳ್ಳು. ನೀನು ಗಿರೀಶನಿಗೆ ಹೇಳಿದ ಮಣೆಯನ್ನೇ ತಗೋ. ಕಾಲು ಸುತ್ತು, ನಾಲ್ಕು ಚಲನೆ. ಇನ್ನೊಂದು ಕಡೆ ಗೋಡೆಯ ಮೇಲೆ ಎರಡು ಸ್ವಿಚ್ಚು ತಗೋ. ಮೊದಲನೆಯದನ್ನು ಒತ್ತುವುದು, ಎರಡನೆಯದನ್ನು ಒತ್ತುವುದು, ಎರಡನ್ನೂ ಒತ್ತುವುದು, ಸುಮ್ಮನಿರುವುದು, ಅಲ್ಲೂ ನಾಲ್ಕೇ. ಎರಡೂ ಬೇರೆ ಗ್ರೂಪು. ಸ್ವಿಚ್ಚಿನಲ್ಲಿ ಯಾವುದನ್ನು ಮಾಡಿದರೂ ಎರಡನೇ ಸಲಕ್ಕೆ ಮೊದಲಿನಂತಾಗುತ್ತದೆ, ಮಣೆಯ ಕಾಲು ಸುತ್ತಿಗೆ ನಾಲ್ಕು ಸಲ ಬೇಕು. ಆದರೆ ಬೆರೆಸಿ ಆಲ್ಜೀಬ್ರಾ ಮಾಡಿದರೆ ಎರಡೂ ಒಂದೇ, ನಾಲ್ಕು ಚುಕ್ಕೆ. ಯಾವುದು ಮಣೆ ಯಾವುದು ಸ್ವಿಚ್ಚು ಅಂತ ಆ ಚುಕ್ಕೆಗಳು ಹೇಳುವುದಿಲ್ಲ. ಈಗ ನಮ್ಮ ಬಿಗಿ ಒಳಗುಂಪಿನ ಪಕ್ಕದಲ್ಲಿ, ಅದರ ಗೊಡವೆಗೆ ಹೋಗದಂತೆ ಇವುಗಳಲ್ಲಿ ಒಂದನ್ನು ನಿಲ್ಲಿಸು. ಆಮೇಲೆ ಒಳಗುಂಪಿನ ಇನ್ನೊಂದು ಪ್ರತಿಯನ್ನು ಯಾವ ಕಟ್ಟುಪಾಡೂ ಇಲ್ಲದೆ ಜೊತೆಗೆ ಸೇರಿಸು. ಮಣೆ ನಿಲ್ಲಿಸಿದರೆ ಒಂದು ಗ್ರೂಪು, ಸ್ವಿಚ್ಚು ನಿಲ್ಲಿಸಿದರೆ ಬೇರೆ ಗ್ರೂಪು, ಆಲ್ಜೀಬ್ರಾ ಮಾತ್ರ ಒಂದೇ. ಗೊಡ್ಡು ಕುರಿ ಯಾರದ್ದು ಅಂತ ಮರಿ ಹೇಳಲಿಲ್ಲ.

ಇದೂ ನನಗೆ ಐದು ವರ್ಷದಿಂದ ಗೊತ್ತು.

ಪ್ರಮೀಳಾ

*

ಶಿಕಾರಿಪುರ
28 ಮಾರ್ಚ್ 2024

ಪ್ರಮೀಳಾ,

ಮೂರು ದೇಶದಲ್ಲಿ ನಿಂತು ಆ ಪ್ರಮೇಯವನ್ನು ಹೇಳಿದ್ದೇನೆ. ಪ್ರತಿ ಸಲ ನಾಲ್ಕನೇ ಲೆಮ್ಮಾ ಬಂದಾಗ ಬೋರ್ಡಿನ ಕಡೆ ತಿರುಗಿ ಬೇಗ ಬೇಗ ಒರೆಸಿದ್ದೇನೆ. ಮನೆಗೆ ಬಂದರೆ ಕುಪ್ಪಗಡ್ಡೆ ಇಲ್ಲಿಂದ ಎರಡು ಬಸ್ಸಿನ ದೂರ. ನೀನು ಅಲ್ಲಿ ಕೂತು ನೋಡುತ್ತಿದ್ದೆ.

ನಾನು ಓದದೆ ರೈಟು ಹಾಕಿದ್ದು ಸೋಮಾರಿತನ. ನೀನು ಮಾಡಿದ್ದು ಅದಲ್ಲ. ಹಗೆಯವರೂ ಮುಂದೆ ಬಾವಿ ಇದೆ ಎಂದು ಕೂಗಿ ಹೇಳುತ್ತಾರೆ.

ಮಾರ್ತಾ ಮತ್ತೆ ಬರೆದಿದ್ದಾಳೆ, ಬಹಳ ಮರ್ಯಾದೆಯಿಂದ. ತಡವಾದರೆ ಪರವಾಗಿಲ್ಲ, ನಿಮ್ಮ ತಾಯಿ ಹುಷಾರಾಗಲಿ ಎಂದಿದ್ದಾಳೆ. ಅದನ್ನು ಓದಿ ಉತ್ತರ ಬರೆಯಲು ಆಗಲಿಲ್ಲ. ಸಮಿತಿಗೆ ಏನು ಹೇಳಬೇಕೋ ನಾನು ನೋಡಿಕೊಳ್ಳುತ್ತೇನೆ. ಇನ್ನು ಬರೆಯಬೇಡ.

ಯಾಸ್ಮೀನ್

*

ಕುಪ್ಪಗಡ್ಡೆ
19 ಏಪ್ರಿಲ್ 2024

ಯಾಸ್ಮೀನ್,

ಬರೆಯಬೇಡ ಅಂದೆ. ಇದು ಕಾಗದವಲ್ಲ, ಪಾರ್ಸೆಲಿನ ಜೊತೆಗಿನ ಚೀಟಿ.

ಪುಸ್ತಕ ಕಳಿಸುತ್ತಿದ್ದೇನೆ. ರಿಜಿಸ್ಟರ್ ಮಾಡಿದ್ದೇನೆ. ಅಪ್ಪನ ಕಂಬಳಿಯ ವಾಸನೆ ಬರುತ್ತದೆ, ಬಿಸಿಲಿಗೆ ಇಡು.

ನಾಲ್ಕನೇ ಲೆಮ್ಮಾದ ಬಲಪುಟವನ್ನು ನಾನು ಮುಟ್ಟಿಲ್ಲ. ಅದು ನಿನ್ನದು.

ಪ್ರ.

*

ಶಿಕಾರಿಪುರ
6 ಮೇ 2024

ಪ್ರಮೀಳಾ,

ಪುಸ್ತಕ ಬಂದ ದಿನ ಬಿಚ್ಚಲಿಲ್ಲ. ಅಮ್ಮಿ ಈಗ ವಾಕರ್ ಹಿಡಿದು ಅಂಗಳದವರೆಗೆ ಬರುತ್ತಾಳೆ. ಅವಳೇ ದಾರ ಕತ್ತರಿಸಿದಳು. ಒಳಗೆ ಕುರಿಯಿದೆಯಾ ಎಂದಳು, ಅಷ್ಟು ವಾಸನೆ.

ಎಲ್ಲ ಬಲಪುಟಗಳನ್ನೂ ಓದಿದೆ. ನನ್ನ ಉಳಿದ ರೈಟುಗಳೆಲ್ಲ ಓದಿ ಹಾಕಿದವು, ಪ್ರಮೀಳಾ. ನಿನಗೆ ಅನುಮಾನ ಬಂದದ್ದು ನ್ಯಾಯ, ಆದರೂ ಹೇಳುತ್ತಿದ್ದೇನೆ. ಆಮೇಲೆ ಎಡಗಡೆಗೆ ಹಾಳೆ ಮುಚ್ಚಿ, ಅಬ್ಬಾನ ಅಂಗಡಿಯಲ್ಲಿ ಕೂತು, ನಾಲ್ಕನೇ ಲೆಮ್ಮಾವನ್ನು ಮೊದಲಿಂದ ಮಾಡಿದೆ. ಹತ್ತು ಸಾಲು ಆಗುವುದರೊಳಗೆ ನಿಂತಿತು. ನಿನ್ನ ಮಣೆ, ಸ್ವಿಚ್ಚುಗಳನ್ನೂ ಮಾಡಿದೆ. ಸರಿ ಇದೆ. ಏಳು ವರ್ಷದ ಹಿಂದೆ ಇಷ್ಟಕ್ಕೆ ಒಂದು ಗಂಟೆ ಸಾಕಾಗಿತ್ತು. ನೀನು ಖರ್ಜೂರ ತರುವುದರೊಳಗೇ ಮುಗಿಯುತ್ತಿತ್ತು.

ಅಬ್ಬಾ ಏನಾಯಿತು ಎಂದು ಕೇಳಿದರು. ಹೇಳಿದೆ. ಅವರು ಕಲಾಯಿ ಒರೆಸುವ ಹತ್ತಿಯನ್ನು ಕೆಳಗಿಟ್ಟರು. "ಕಲಾಯಿ ಕಿತ್ತಿರೋ ಪಾತ್ರೇಲಿ ಯಾರೋ ಹುಳಿ ಕಾಯಿಸ್ತಾ ಅವ್ರೆ, ಅದು ವಿಷ ಆಗತ್ತೆ ಅಂತ ಗೊತ್ತಾದ್ರೆ, ಮೊದ್ಲು ಓಡಿ ಹೋಗಿ ಒಲೆ ಆರ್ಸಬೇಕು ಬೇಟಿ. ನನ್ ಹೆಸ್ರು ಹೋಗತ್ತೆ ಅನ್ನೋದು ಆಮೇಲೆ," ಎಂದರು.

ಅದೇ ದಿನ ಮಾರ್ತಾಳಿಗೆ ಎಲ್ಲವನ್ನೂ ಬರೆದೆ. ಅವಳ ಉತ್ತರ ಒಂದೇ ಸಾಲು: ಆಗಸ್ಟಿಗೆ ಮೊದಲು ಹೇಳಿದಿರಿ, ಉಪಕಾರವಾಯಿತು. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ, ಇದಕ್ಕೆ ಸಿದ್ಧಳಾಗಿರಲಿಲ್ಲ. ಸಮಿತಿಗೂ ತಿಳಿಸಿದೆ. ಈ ಸಲ ನನ್ನ ಹೆಸರನ್ನು ತೆಗೆದುಕೊಳ್ಳುವುದಿಲ್ಲ ಎಂದಿದ್ದಾರೆ. ಮುಂದಿನ ಸಲ ಎಂಬುದು ಇದೆಯೋ ಇಲ್ಲವೋ ಗೊತ್ತಿಲ್ಲ. ಹೆದರಿಕೆಯಾಗಿದೆ. ಇಲ್ಲ ಎನ್ನಲಾರೆ.

ಪತ್ರಿಕೆಗೆ ಕಳಿಸಬೇಕಾದ, ಪ್ರಬಂಧವನ್ನು ಹಿಂತೆಗೆದುಕೊಳ್ಳುವ ಪ್ರಕಟಣೆಯನ್ನು ಪುಸ್ತಕದ ಕೊನೆಯ ಎಡಪುಟದಲ್ಲಿ ಬರೆದಿದ್ದೇನೆ. ಒಂಬತ್ತು ಸಾಲು. ಪುಸ್ತಕವನ್ನೇ ವಾಪಸ್ ಕಳಿಸುತ್ತಿದ್ದೇನೆ. ಉದಾಹರಣೆ ನಿನ್ನದು, ನಿನ್ನ ಹೆಸರಿಲ್ಲದೆ ಕಳಿಸಿದರೆ ಈ ಸಲ ನಿಜವಾಗಿಯೂ ಕದ್ದ ಹಾಗೆ. ಹೆಸರು ಹಾಕಿದರೆ ಇಷ್ಟು ವರ್ಷ ದೂರ ಇದ್ದವಳಿಗೆ ಈಗ ಕೆಸರು ಮೆತ್ತಿದ ಹಾಗೆ. ಕೆಳಗೆ ಜಾಗ ಬಿಟ್ಟಿದ್ದೇನೆ, ನೀನೇ ತೀರ್ಮಾನ ಮಾಡು.

ಸಿಟ್ಟು ಪೂರ್ತಿ ಹೋಗಿಲ್ಲ. ಹೋಗಿದೆ ಎಂದು ಬರೆದರೆ ನೀನು ನಂಬುವುದಿಲ್ಲ.

ಯಾಸ್ಮೀನ್

*

ಕುಪ್ಪಗಡ್ಡೆ
17 ಮೇ 2024

ಯಾಸ್ಮೀನ್,

ಪುಸ್ತಕ ಸಿಕ್ಕಿತು. ಈಗ ಅದರಿಂದ ನಿಮ್ಮ ಅಂಗಡಿಯ ಹುಳಿ ಮತ್ತು ಹೊಗೆಯ ವಾಸನೆ ಬರುತ್ತದೆ.

ಮೊದಲು ನಾಲ್ಕನೇ ಲೆಮ್ಮಾದ ಬಲಪುಟ ಓದಿದೆ. ಹತ್ತನೇ ಸಾಲಿನಲ್ಲಿ 'ಇಲ್ಲಿ ನಿಂತಿತು' ಅಂತ ಬರೆದು ನೀನು ಆ ಕೆಂಪು ರೈಟನ್ನು ಹೊಡೆದುಹಾಕಿದ್ದೀ. ಗದ್ದೆಯ ಬದುವಿನ ಮೇಲೆ ಕೂತು ಬಹಳ ಹೊತ್ತು ಅದನ್ನೇ ನೋಡಿದೆ. ಗಿರೀಶ ಬಂದು ಏನಾಯ್ತಕ್ಕ ಅಂದ. ನನ್ನ ಪುಟ ಓದಿದಾಳೆ ಕಣೋ ಅಂದೆ. ಅಳು ಬಂತು, ಅದನ್ನೂ ಬರೆಯುತ್ತಿದ್ದೇನೆ.

ಆಮೇಲೆ ನಿನ್ನ ಪ್ರಕಟಣೆ. ಎಡಗಡೆ ಮುಚ್ಚಿಟ್ಟು, ನಮ್ಮ ನಿಯಮದ ಪ್ರಕಾರ, ಬಲಪುಟದಲ್ಲಿ ನಾನೇ ಮೊದಲಿಂದ ಬರೆದು ನೋಡಿದೆ. ಎಂಟು ಸಾಲು ಸರಿ ಬಂತು. ಮೂರನೇ ಸಾಲು ತಪ್ಪು. ನೀನು 'ಈ ದೋಷ 2024ರಲ್ಲಿ ಕಂಡುಬಂತು' ಅಂತ ಬರೆದಿದ್ದೀ. ನನ್ನನ್ನು ಉಳಿಸಲು ಹಾಗೆ ಬರೆದೆಯೋ, ಕೈತಪ್ಪಿ ಬರೆದೆಯೋ ಗೊತ್ತಿಲ್ಲ. ಯಾವುದಾದರೂ ಸರಿಯೇ, ಸುಳ್ಳು ಸುಳ್ಳೇ. ಬಲಪುಟದಲ್ಲಿ ತಿದ್ದಿದ್ದೇನೆ: 'ಈ ದೋಷ ನಮ್ಮಲ್ಲಿ ಒಬ್ಬಳಿಗೆ, ಪ್ರಮೀಳಾಳಿಗೆ, 2018ರ ಏಪ್ರಿಲಿನಿಂದ ಗೊತ್ತಿತ್ತು, ಅವಳು ತಿಳಿಸಲಿಲ್ಲ.'

ಆ ಸಾಲು ಇದ್ದರೆ ಮಾತ್ರ ನನ್ನ ಹೆಸರು ಹಾಕು. ಕೆಳಗೆ ಸಹಿ ಮಾಡಿದ್ದೇನೆ, ನಿನ್ನ ಹೆಸರಿನ ಪಕ್ಕದಲ್ಲಿ. ನಮ್ಮಿಬ್ಬರ ಹೆಸರು ಜೊತೆಯಾಗಿ ಅಚ್ಚಾಗುವುದು ಇದೇ ಮೊದಲು.

ಕೆಂಪು ಪೆನ್ನು ಪಾರ್ಸೆಲಿನೊಳಗೆ ಇಟ್ಟಿದ್ದೇನೆ. ರೈಟು ನಾನು ಹಾಕಿಲ್ಲ. ತಿದ್ದಿದ್ದನ್ನು ನೀನು ಮಾಡಿ ನೋಡಬೇಕು. ಓದದೆ ಹಾಕಬೇಡ.

ಪ್ರಮೀಳಾ